ಮೋನೆ ಬರೆದ ಲಂಡನ್ ನೇರಳೆ ಬಣ್ಣಕ್ಕೆ ತಿರುಗಿದ್ದು ಹೇಗೆ?

ಪ್ರಶ್ನೆ: ಮಗಳು ಲಂಡನ್‌ನಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಹೋಗಿದ್ದಾಗ ಒಂದು ಬೆಳಗ್ಗೆ ಥೇಮ್ಸ್ ನದಿಯ ಆಸ್ಪತ್ರೆ ಕಡೆಯ ದಡದಲ್ಲಿ ನಿಂತು ಎದುರಿನ ಪಾರ್ಲಿಮೆಂಟ್ ಕಟ್ಟಡ ನೋಡಿದೆ. ಜೇನುಬಣ್ಣದ ಕಲ್ಲು, ಕಿಟಕಿಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಆಮೇಲೆ ಮ್ಯೂಸಿಯಂ ಅಂಗಡಿಯಲ್ಲಿ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೋನೆ ಬರೆದ ಅದೇ ಕಟ್ಟಡದ ಪ್ರಿಂಟ್ ಕೊಂಡೆ. ಅದರಲ್ಲಿ ಕಟ್ಟಡ ನೇರಳೆ, ನೀರು ಕಿತ್ತಳೆ, ಕಿಟಕಿ ಒಂದೂ ಇಲ್ಲ. ಅವನಿಗೆ ಕಣ್ಣಿನ ಪೊರೆ ಇತ್ತಂತೆ, ಅದಕ್ಕೇ ಹೀಗಾ? ಅಥವಾ ಸುಮ್ನೆ ಕಲ್ಪನೆಯಾ? ಒಂದೇ ಕಟ್ಟಡವನ್ನು ಅಷ್ಟೊಂದು ಸಲ ಬರೆದದ್ದು ದುಡ್ಡಿಗಾಗಿ ಅಂತ ಅಳಿಯ ಹೇಳುತ್ತಾರೆ. ನಿಜವೇ?

ಉತ್ತರ: ಮೊದಲು ಕಣ್ಣಿನ ಪೊರೆಯ ಮಾತು ಮುಗಿಸಿಬಿಡೋಣ, ಅದು ಸುಲಭ. ಮೋನೆಗೆ ಪೊರೆ ಇದೆ ಅಂತ ವೈದ್ಯರು ಹೇಳಿದ್ದು 1912ರಲ್ಲಿ. ಆಪರೇಷನ್ ಆದದ್ದು 1923ರಲ್ಲಿ. ಲಂಡನ್ ಚಿತ್ರಗಳನ್ನು ಶುರು ಮಾಡಿದ್ದು 1899ರಲ್ಲಿ, ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟದ್ದು 1904ರಲ್ಲಿ. ಹಾಗಾಗಿ ನಿಮ್ಮ ಪ್ರಿಂಟ್‌ನಲ್ಲಿರುವ ನೇರಳೆಗೂ ಪೊರೆಗೂ ಸಂಬಂಧವಿಲ್ಲ. ಅವನ ಕೊನೆಗಾಲದ ಚಿತ್ರಗಳಿವೆ, ಫ್ರಾನ್ಸಿನ ಜಿವೆರ್ನಿಯಲ್ಲಿದ್ದ ಅವನ ಮನೆಯ ತೋಟದ ಜಪಾನೀ ಸೇತುವೆ ಕೆಂಪು ಕಂದು ಬಣ್ಣದಲ್ಲಿ ಕಲಸಿಹೋದಂತೆ ಕಾಣುವಂಥವು. ಪೊರೆಯ ಚರ್ಚೆ ಅಲ್ಲಿಗೆ ಸರಿ. ಅದನ್ನು ಯಾರೋ ತಂದು ಲಂಡನ್‌ಗೆ ಅಂಟಿಸಿದ್ದಾರೆ.

ಈಗ ನೀವು ನಿಂತ ಜಾಗಕ್ಕೆ ಬರೋಣ. ಜಾಗ ಸರಿಯಾಗೇ ಇದೆ. ಮೋನೆ ಪಾರ್ಲಿಮೆಂಟನ್ನು ಬರೆದದ್ದು ಆ ದಡದ ಸೇಂಟ್ ಥಾಮಸ್ ಆಸ್ಪತ್ರೆಯಿಂದಲೇ. ಹೊತ್ತು ಮಾತ್ರ ತಿರುಗುಮುರುಗಾಗಿದೆ. ಪಾರ್ಲಿಮೆಂಟಿನ ನದಿಕಡೆಯ ಮುಖ ಪೂರ್ವಕ್ಕಿದೆ. ಬೆಳಗ್ಗೆ ಹೋದರೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ನೇರ ಕಲ್ಲಿನ ಮೇಲೆ ಬೀಳುತ್ತದೆ, ಜೇನುಬಣ್ಣ ಎದ್ದು ಕಾಣುತ್ತದೆ. ಮೋನೆ ಹೋಗುತ್ತಿದ್ದದ್ದು ಮಧ್ಯಾಹ್ನ ಕಳೆದ ಮೇಲೆ, ಅದೂ ಚಳಿಗಾಲದ ಕೊನೆಯಲ್ಲಿ. ಆಗ ಸೂರ್ಯ ಕಟ್ಟಡದ ಹಿಂದೆ ಇಳಿಯುತ್ತಿರುತ್ತಾನೆ. ನಮಗೆ ಕಾಣುವುದು ಕಟ್ಟಡದ ನೆರಳಿನ ಬದಿ. ಸಾಲದ್ದಕ್ಕೆ, ಆಗಿನ ಕಲ್ಲಿಗೆ ಜೇನುಬಣ್ಣವೂ ಇರಲಿಲ್ಲ, ಮಸಿ ಹತ್ತಿ ಕಪ್ಪಾಗಿತ್ತು. ಅದನ್ನು ತೊಳೆದು ಈಗಿನ ಬಣ್ಣಕ್ಕೆ ತಂದದ್ದು ಇಪ್ಪತ್ತನೇ ಶತಮಾನದ ಕೊನೆಕೊನೆಗೆ. ಮಸಿ ಹಿಡಿದ ಕಲ್ಲು, ಹಿಂದೆ ಸೂರ್ಯ, ನಡುವೆ ಹೊಗೆ. ಇಂಥಾ ಹೊತ್ತಲ್ಲಿ ಕಿಟಕಿ ಎಲ್ಲಿಂದ ಕಾಣಬೇಕು?

ಹೊಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಿಮ್ಮ ಪ್ರಶ್ನೆಯ ಉತ್ತರ ಇರುವುದು ಅದರಲ್ಲೇ. 1900ರ ಹೊತ್ತಿಗೆ ಲಂಡನ್‌ನಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಜನ. ಮನೆ ಬೆಚ್ಚಗಿಡುವುದಕ್ಕೆ, ಅಡುಗೆಗೆ, ಕಾರ್ಖಾನೆಗೆ, ರೈಲಿಗೆ, ನದಿಯ ಮೇಲಿನ ಹಡಗಿಗೆ, ಎಲ್ಲದಕ್ಕೂ ಕಲ್ಲಿದ್ದಲು. ಊರು ಇರುವುದು ನದಿಯ ತಗ್ಗಿನಲ್ಲಿ. ಗಾಳಿಯಿಲ್ಲದ ಚಳಿಗಾಲದ ದಿನಗಳಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿಯ ಪದರ ಕೂತುಬಿಡುತ್ತದೆ. ಆಗ ಹೊಗೆಗೆ ಮೇಲೇರಲು ದಾರಿಯಿಲ್ಲ. ನದಿಯ ತೇವ ಮಸಿಕಣ, ಗಂಧಕದ ಕಣಗಳ ಸುತ್ತ ಹನಿಗಟ್ಟುತ್ತದೆ. ಹೀಗೆ ಆದ ಮಂಜು ನಮ್ಮ ಮಡಿಕೇರಿ ಮಂಜಿನಂತೆ ಬರೀ ಬಿಳಿಯಲ್ಲ. ಕಣ ಎಷ್ಟು ದಪ್ಪ, ಮಸಿ ಎಷ್ಟು, ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವುದರ ಮೇಲೆ ಅದು ಹಳದಿ, ಕಂದು, ಹಸಿರು ಮಿಶ್ರಿತ ಬೂದು, ನೇರಳೆ ಎಲ್ಲ ಆಗುತ್ತಿತ್ತು. 1952ರ ಡಿಸೆಂಬರ್‌ನಲ್ಲಿ ಇದೇ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು. 1956ರಲ್ಲಿ ಹೊಗೆ ತಡೆಯುವ ಕಾನೂನು ಬಂದ ಮೇಲೆ ನಿಧಾನಕ್ಕೆ ಗಾಳಿ ತಿಳಿಯಾಯಿತು.

ಮೋನೆಗೆ ಬೇಕಾಗಿದ್ದದ್ದೇ ಈ ಹೊಗೆ. ಮಂಜಿಲ್ಲದಿದ್ದರೆ ಲಂಡನ್ ಚೆಂದದ ಊರೇ ಅಲ್ಲ ಅನ್ನುತ್ತಿದ್ದ. ಲಂಡನ್‌ನಿಂದ ಅವನು ಹೆಂಡತಿ ಆಲಿಸ್‌ಗೆ ಹೆಚ್ಚುಕಡಿಮೆ ದಿನಾ ಕಾಗದ ಬರೆಯುತ್ತಿದ್ದ. 1900ರ ಮಾರ್ಚ್ ತಿಂಗಳ ಒಂದು ಕಾಗದದಲ್ಲಿ ಹೇಳುತ್ತಾನೆ: ಬೆಳಗ್ಗೆ ಎದ್ದು ನೋಡಿದರೆ ಮಂಜಿನ ಸುಳಿವೇ ಇಲ್ಲ, ಎದೆ ಧಸಕ್ಕೆಂದಿತು, ಚಿತ್ರಗಳ ಕಥೆ ಮುಗಿಯಿತು ಅಂದುಕೊಂಡೆ, ಆಮೇಲೆ ಒಂದೊಂದಾಗಿ ಒಲೆಗಳು ಹೊತ್ತಿಕೊಂಡವು, ಹೊಗೆ ಮಂಜು ವಾಪಸ್ ಬಂತು. ಅದು ಭಾನುವಾರ, ಕಾರ್ಖಾನೆಗೆ ರಜೆ. ಊರಿಗೆಲ್ಲ ಶುದ್ಧ ಗಾಳಿ ಸಿಕ್ಕ ದಿನ ಈ ಮನುಷ್ಯನಿಗೆ ಮಾತ್ರ ದುಃಖ! ನನಗೆ ಈ ಕಾಗದ ತುಂಬಾ ಇಷ್ಟ. ತಾನು ಬರೆಯುತ್ತಿರುವುದು ಪ್ರಕೃತಿಯನ್ನಲ್ಲ, ಒಲೆ, ಚಿಮಣಿಗಳು ಕಕ್ಕಿದ್ದನ್ನು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಟ್ಟಡ ನೇರಳೆಗೆ, ಸೂರ್ಯ ಕಿತ್ತಳೆಗೆ ತಿರುಗುವುದು ಹೇಗೆ ಅಂತ ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ನೀರು ತುಂಬಿಸಿ, ನಾಲ್ಕೈದು ಹನಿ ಹಾಲು ಹಾಕಿ ಕಲಕಿ. ದೀಪ ಆರಿಸಿ ಮೊಬೈಲ್ ಟಾರ್ಚನ್ನು ಲೋಟದ ಹಿಂದೆ ಹಿಡಿಯಿರಿ. ನೇರ ಎದುರಿಂದ ನೋಡಿದರೆ ಬೆಳಕು ಹಳದಿ, ಹಾಲು ಇನ್ನೂ ಸ್ವಲ್ಪ ಹಾಕಿದರೆ ಕಿತ್ತಳೆ. ಪಕ್ಕದಿಂದ ನೋಡಿದರೆ ಅದೇ ನೀರು ತೆಳು ನೀಲಿ. ಹಾಲಿನ ಸಣ್ಣ ಕಣಗಳು ನೀಲಿ ಬೆಳಕನ್ನು ಸುತ್ತಮುತ್ತ ಚೆಲ್ಲಿಬಿಡುತ್ತವೆ, ಉಳಿದ ಕೆಂಪು ಹಳದಿ ಮಾತ್ರ ನೇರ ದಾಟಿಕೊಂಡು ಬರುತ್ತದೆ.

ಇದನ್ನು ಥೇಮ್ಸ್ ಮೇಲಿಟ್ಟು ನೋಡಿ. ಸೂರ್ಯನ ಬೆಳಕು ಅಷ್ಟೂ ಹೊಗೆಯನ್ನು ಸೀಳಿಕೊಂಡು ಬರಬೇಕು, ಹಾಗಾಗಿ ಕಿತ್ತಳೆ. ಕಟ್ಟಡ ಕಪ್ಪು, ಅದರಿಂದ ಬರುವ ಬೆಳಕು ಹೆಚ್ಚೇನಿಲ್ಲ. ನಮಗೂ ಅದಕ್ಕೂ ನಡುವೆ ನದಿಯಗಲದ ಹೊಗೆ ಇದೆ. ಆ ಹೊಗೆ ಚೆಲ್ಲಿದ ನೀಲಿ ಬೆಳಕು ಕಪ್ಪು ಕಟ್ಟಡದ ಮೇಲೆ ತೆಳ್ಳಗೆ ಬಳಿದ ಹಾಗೆ ಕಾಣುತ್ತದೆ. ಸಂಜೆಯ ಕೆಂಪು ಅದಕ್ಕೆ ಸ್ವಲ್ಪ ಸೇರಿದರೆ ನೇರಳೆ. ಪಕ್ಕದಲ್ಲೇ ಕಿತ್ತಳೆ ಇದ್ದರೆ ನಮ್ಮ ಕಣ್ಣು ಆ ನೀಲಿಯನ್ನು ಇನ್ನಷ್ಟು ನೀಲಿಯಾಗಿ ಕಾಣುತ್ತದೆ. ಬಣ್ಣದ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ ಇದು.

ಪ್ಯಾರಿಸ್‌ನ ಒರ್ಸೇ ಮ್ಯೂಸಿಯಂನಲ್ಲಿ 1904ರ ಒಂದು ಚಿತ್ರವಿದೆ. ಮಂಜಿನಲ್ಲಿ ಒಂದು ಕಡೆ ಬಿಸಿಲು ತೂರಿ ಬಂದ ಗಳಿಗೆ. ನಿಮ್ಮ ಪ್ರಿಂಟ್ ಇದೇ ಇರಬಹುದು. ದೂರದಿಂದ ನೋಡಿದರೆ ಗೋಪುರದ ಆಕಾರ ತಕ್ಷಣ ಗೊತ್ತಾಗುತ್ತದೆ. ಹತ್ತಿರ ಹೋದರೆ ಗೋಪುರ ಕಳೆದುಹೋಗುತ್ತದೆ. ಕಟ್ಟಡಕ್ಕೆ ಅಂಚುಗೆರೆ ಅಂತ ಒಂದಿಲ್ಲ. ನೀಲಿ, ನೇರಳೆ, ಅಲ್ಲಲ್ಲಿ ಗುಲಾಬಿಯ ಸಣ್ಣ ಸಣ್ಣ ಗೀಟುಗಳು ಒಂದರ ಮೇಲೊಂದು ಕೂತಿವೆ. ಆಕಾಶದಲ್ಲೂ ಅದೇ ಥರದ ಗೀಟು, ಬಣ್ಣ ಮಾತ್ರ ಬೆಚ್ಚಗೆ. ಎಲ್ಲಿ ಕಲ್ಲು ಮುಗಿದು ಗಾಳಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. ನೀರಿನಲ್ಲಿ ಕಿತ್ತಳೆ, ಹಳದಿ ಗೀಟುಗಳು ಅಡ್ಡಡ್ಡ ಬಿದ್ದಿವೆ, ಅವು ಮಾತ್ರ ಸ್ವಲ್ಪ ದಪ್ಪ. ನೆರಳಿಗೆ ಕಪ್ಪು ಬಳಿದು ಮುಗಿಸುವ ಹಳೇ ದಾರಿ ಅವನದಲ್ಲ. ತಾನು ಬಳಸುವ ಬಣ್ಣ ಯಾವುವು ಅಂತ ಕೇಳಿದವರಿಗೆ 1905ರಲ್ಲಿ ಅವನು ಕೊಟ್ಟ ಪಟ್ಟಿ ಇಷ್ಟೇ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಮಂಜಿಷ್ಠದ ಕಡುಗೆಂಪು, ಕೋಬಾಲ್ಟ್ ನೀಲಿ, ಒಂದು ಹಸಿರು. ಕಪ್ಪಿನ ಹೆಸರೇ ಇಲ್ಲ. ಮಸಿ ತುಂಬಿದ ಊರನ್ನು ಮಸಿಬಣ್ಣವೇ ಇಲ್ಲದ ಪಟ್ಟಿಯಿಂದ ಬರೆದ ಅನ್ನಬಹುದು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಅವನು ಕಂಡದ್ದನ್ನೇ ಬರೆದನಾ ಅಂತ ಕೇಳುತ್ತೀರಿ. ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. 2006ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜೇಕಬ್ ಬೇಕರ್ ಮತ್ತು ಜಾನ್ ಥಾರ್ನ್ಸ್ ಪಾರ್ಲಿಮೆಂಟ್ ಚಿತ್ರಗಳಲ್ಲಿ ಸೂರ್ಯ ಕಾಣುವ ಒಂಬತ್ತನ್ನು ತೆಗೆದುಕೊಂಡು, ಗೋಪುರಗಳ ಲೆಕ್ಕದಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ಯಾವ ಕಡೆ ಇದ್ದಾನೆ ಅಂತ ಅಳೆದರು. ಲೆಕ್ಕದಿಂದ ಬಂದ ತಾರೀಕುಗಳು ಅವನು ಹೆಂಡತಿಗೆ ಬರೆದ ಕಾಗದಗಳಿಗೆ ಹೊಂದಿಕೊಂಡವು. ಅಂದರೆ ಸೂರ್ಯನನ್ನು ಅವನು ಮನಸ್ಸಿಗೆ ಬಂದಲ್ಲಿ ಇಟ್ಟಿರಲಿಲ್ಲ. 2023ರಲ್ಲಿ ಆನಾ ಲೀ ಆಲ್‌ಬ್ರೈಟ್ ಮತ್ತು ಪೀಟರ್ ಹೈಬರ್ಸ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಚಿತ್ರಕಾರ ಟರ್ನರ್ ಮತ್ತು ಮೋನೆ ಬರೆದ ನೂರರಷ್ಟು ಚಿತ್ರಗಳಲ್ಲಿ ಅಂಚು ಎಷ್ಟು ಮಸುಕು, ಬಣ್ಣ ಎಷ್ಟು ಬಿಳಿಚಿದೆ ಅಂತ ಅಳೆದು, ಆಯಾ ಕಾಲದ ಗಂಧಕದ ಹೊಗೆಯ ಲೆಕ್ಕದ ಪಕ್ಕ ಇಟ್ಟರು. ಹೊಗೆ ಹೆಚ್ಚಿದ ಹಾಗೆ ಚಿತ್ರ ಮಸುಕಾಗುತ್ತಾ ಹೋಗಿದೆ ಅನ್ನುವುದು ಅವರ ತೀರ್ಮಾನ. ಶೈಲಿ ಬದಲಾದದ್ದಕ್ಕೂ ಹೀಗೆ ಆಗಬಹುದಲ್ವಾ ಅಂತ ಕಲಾ ಇತಿಹಾಸ ಓದಿದವರು ಆಕ್ಷೇಪ ಎತ್ತಿದರು. ನನ್ನ ಲೆಕ್ಕದಲ್ಲಿ ಎರಡೂ ಇದೆ. ಮಸುಕು ಇಷ್ಟವಾದ ಚಿತ್ರಕಾರ ಮಸುಕಾದ ಊರನ್ನು ಹುಡುಕಿಕೊಂಡು ಹೋದ. ಹೊಗೆ ಇಷ್ಟೇ ಇದ್ದ ಬೇರೆ ಜಾಗದಲ್ಲಿ ಎಷ್ಟೋ ಚಿತ್ರಕಾರರು ಕಿಟಕಿ ಎಣಿಸುವ ಹಾಗೆ ಬರೆಯುತ್ತಲೇ ಇದ್ದರು.

ಅವನು ಕೆಲಸ ಮಾಡಿದ ರೀತಿ ನೋಡಿದರೆ ವಿಷಯ ಇನ್ನೂ ಮಜವಾಗಿದೆ. 1899ರ ಶರತ್ಕಾಲದಲ್ಲಿ ಮೋನೆ ಲಂಡನ್‌ಗೆ ಬಂದ. ಮಗ ಮಿಶೆಲ್ ಇಂಗ್ಲಿಷ್ ಕಲಿಯಲು ಅಲ್ಲಿದ್ದ, ಅವನನ್ನು ನೋಡಿಕೊಂಡು ಹೋಗುವ ನೆಪ. ಇಳಿದುಕೊಂಡದ್ದು ನದಿಯ ಅಂಚಿನ ಸವಾಯ್ ಹೋಟೆಲ್‌ನಲ್ಲಿ, ಮೇಲಿನ ಮಹಡಿಯ ನದಿಕಡೆ ರೂಮು. ಬಾಲ್ಕನಿಯಲ್ಲಿ ನಿಂತರೆ ಎಡಕ್ಕೆ ವಾಟರ್‌ಲೂ ಸೇತುವೆ, ಬಲಕ್ಕೆ ಚೇರಿಂಗ್ ಕ್ರಾಸ್ ರೈಲು ಸೇತುವೆ. ಮತ್ತೆ 1900ರಲ್ಲಿ, 1901ರಲ್ಲಿ ಬಂದ. ಬೆಳಗ್ಗೆ ವಾಟರ್‌ಲೂ ಕಡೆಗೆ, ಸೂರ್ಯ ಸುತ್ತಿ ಬಂದ ಮೇಲೆ ಚೇರಿಂಗ್ ಕ್ರಾಸ್ ಕಡೆಗೆ, ಇಳಿಹೊತ್ತಿಗೆ ನದಿ ದಾಟಿ ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ಕೂತು ಬರೆಯಲು ಪರಿಚಯದವರ ಮೂಲಕ ಅನುಮತಿ ಸಿಕ್ಕಿತ್ತು.

ತೊಂದರೆ ಏನಂದ್ರೆ, ಆ ಮಂಜು ಐದು ನಿಮಿಷ ಒಂದೇ ಥರ ಇರುತ್ತಿರಲಿಲ್ಲ. ಒಂದು ಕ್ಯಾನ್ವಾಸ್ ಹಿಡಿದು ಕೂತರೆ ಅಷ್ಟರಲ್ಲಿ ಬೆಳಕು ಬದಲು. ಅದಕ್ಕೆ ಮೋನೆ ಕ್ಯಾನ್ವಾಸ್‌ಗಳನ್ನು ರಾಶಿ ಹಾಕಿಕೊಂಡು ಕೂರುತ್ತಿದ್ದ. ಈಗಿನ ಬೆಳಕಿಗೆ ಹತ್ತಿರವಿರುವುದು ಯಾವುದು ಅಂತ ಹುಡುಕಿ ಎಳೆದು ಅದರ ಮೇಲೆ ಕೆಲಸ. ಬೆಳಕು ಹೋಯಿತಾ, ಅದನ್ನಿಟ್ಟು ಇನ್ನೊಂದು. ಒಂದೇ ವಸ್ತುವಿನ ನೂರರಷ್ಟು ಕ್ಯಾನ್ವಾಸ್ ಒಟ್ಟಿಗೇ ನಡೆಯುತ್ತಿತ್ತು, ಗಡಿಬಿಡಿಯಲ್ಲಿ ಯಾವುದೋ ಒಂದನ್ನು ಎತ್ತಿಕೊಂಡು ಪೂರ್ತಿ ಬದಲಿಸಿಬಿಡುತ್ತಿದ್ದೆ, ಆಮೇಲೆ ಜೋಡಿಸಿಡುವಾಗ ನೋಡಿದರೆ ಬೇಕಾಗಿದ್ದದ್ದು ಕಣ್ಣಿಗೆ ಬೀಳದೆ ಅಲ್ಲೇ ಇರುತ್ತಿತ್ತು ಅಂತ ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾನೆ. 1901ರಲ್ಲಿ ಕ್ಯಾನ್ವಾಸಿನ ಪೆಟ್ಟಿಗೆಗಳು ಬರುವುದು ತಡವಾಯಿತು ಅಂತ ಸುಮ್ನೆ ಕೂರಲಾಗದೆ ಪೇಸ್ಟಲ್ ಹಿಡಿದು ಕಾಗದದ ಮೇಲೆ ಸೇತುವೆಗಳನ್ನು ಬಿಡಿಸಿದ. ಕೊನೆಗೆ ಆ ಚಳಿಯಲ್ಲಿ ಎದೆಯ ಕಾಯಿಲೆ ಬಿದ್ದು ಊರಿಗೆ ಹೊರಟ. ಮತ್ತೆ ಚಿತ್ರ ಬರೆಯಲು ಲಂಡನ್‌ಗೆ ಬರಲಿಲ್ಲ.

ಚಿತ್ರಗಳು ಮುಗಿದಿರಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ಮೂರು ವರ್ಷ ಅವನ್ನು ಜಿವೆರ್ನಿಯ ಮನೆಯ ಸ್ಟುಡಿಯೋದಲ್ಲಿ ತಿದ್ದಿದ. ಎದುರಿಗೆ ಥೇಮ್ಸ್ ಇಲ್ಲ, ಮಂಜಿಲ್ಲ, ನೆನಪು ಮಾತ್ರ. ವ್ಯಾಪಾರಿ ಪಾಲ್ ದ್ಯುರಾಂ-ರುಯೆಲ್ ಮುಗಿದಷ್ಟನ್ನಾದರೂ ಕಳಿಸು ಅಂತ ಕೇಳಿದರೆ, ಒಂದನ್ನೂ ಕಳಿಸಲಾರೆ, ಎಲ್ಲವೂ ಕಣ್ಣೆದುರು ಇರಬೇಕು ಅಂತ 1903ರಲ್ಲಿ ಉತ್ತರ ಬರೆದ. ಮೋನೆಯಂಥ ಇಂಪ್ರೆಷನಿಸ್ಟ್ ಅಂದರೆ ಬಯಲಿನಲ್ಲಿ ಕೂತು ಕಂಡದ್ದನ್ನು ಅಲ್ಲೇ ಬರೆಯುವವನು ಅಂತ ಆಗಲೇ ಜನ ನಂಬಿದ್ದರು. ಈ ಚಿತ್ರಗಳಿಗೆ ಫೋಟೋ ನೋಡಿಕೊಂಡಿದ್ದಾನೆ ಅಂತ ಗುಲ್ಲೆದ್ದಿತು. ಮೋನೆಗೆ ಸಿಟ್ಟು ಬಂತು. ನನ್ನ ಚರ್ಚ್ ಚಿತ್ರಗಳು, ಲಂಡನ್ ಚಿತ್ರಗಳು ಪ್ರಕೃತಿಯನ್ನು ನೋಡಿ ಬರೆದವೋ ಅಲ್ಲವೋ, ಅದು ಯಾರಿಗೂ ಸಂಬಂಧಪಟ್ಟದ್ದಲ್ಲ, ಮುಗಿದ ಕೆಲಸ ಹೇಗಿದೆ ನೋಡಿ ಅನ್ನುವ ಅರ್ಥದಲ್ಲಿ 1905ರಲ್ಲಿ ದ್ಯುರಾಂ-ರುಯೆಲ್‌ಗೆ ಬರೆದ. ನಾನು ಅವನ ಪಕ್ಷ. ಸೂರ್ಯ ಎಲ್ಲಿದ್ದ, ಗೋಪುರ ಎಷ್ಟು ಮಸುಕಾಗಿತ್ತು ಅನ್ನುವುದು ಲಂಡನ್‌ನಿಂದ ಬಂತು. ಈ ನೇರಳೆಯ ಪಕ್ಕ ಎಷ್ಟು ಕಿತ್ತಳೆ ಇರಬೇಕು, ಪಕ್ಕದ ಕ್ಯಾನ್ವಾಸ್ ಹಸಿರಾಗಿದ್ದರೆ ಇದು ಎಷ್ಟು ಗುಲಾಬಿಯಾಗಬೇಕು ಅನ್ನುವುದು ಜಿವೆರ್ನಿಯಲ್ಲಿ ತೀರ್ಮಾನವಾಯಿತು. ಹಾಗಾಗಿ ನಿಮ್ಮ ಪ್ರಿಂಟ್‌ನ ಬಣ್ಣ ಕಲ್ಪನೆಯೂ ಅಲ್ಲ, ಫೋಟೋದಂತೆ ಹಿಡಿದದ್ದೂ ಅಲ್ಲ. ಕಂಡ ಬಣ್ಣವನ್ನು ಆಮೇಲೆ ಕೂತು ಶ್ರುತಿ ಮಾಡಿದ್ದಾನೆ.

ಒಂದೇ ಕಟ್ಟಡ ಯಾಕೆ ಅನ್ನುವುದಕ್ಕೆ ಇನ್ನು ಉತ್ತರ ಸುಲಭ. ಅವನಿಗೆ ಬರೆಯಬೇಕಾಗಿದ್ದದ್ದು ನಡುವಿನ ಗಾಳಿ. ಗಾಳಿಯನ್ನು ಬರೀ ಗಾಳಿಯಾಗಿ ಬರೆಯಲು ಬರುವುದಿಲ್ಲ, ಹಿಂದೆ ಏನಾದರೂ ಬೇಕು. ಆ ಏನೋ ಒಂದು ಪ್ರತಿ ಸಲ ಬೇರೆಯಾದರೆ ಬದಲಾದದ್ದು ಕಟ್ಟಡವೋ ಗಾಳಿಯೋ ಗೊತ್ತಾಗುವುದಿಲ್ಲ. ಹಾಗಾಗಿ ಕಟ್ಟಡ ಒಂದೇ, ನಿಂತ ಜಾಗ ಒಂದೇ, ಪಾರ್ಲಿಮೆಂಟ್ ಚಿತ್ರಗಳಲ್ಲಿ ಕ್ಯಾನ್ವಾಸಿನ ಅಳತೆಯೂ ಹೆಚ್ಚುಕಡಿಮೆ ಒಂದೇ, ಸುಮಾರು 81 ಸೆಂಟಿಮೀಟರ್ ಎತ್ತರ, 92 ಅಗಲ. ಯಾರಿಗೂ ಪರಿಚಯ ಹೇಳಬೇಕಿಲ್ಲದ ಕಟ್ಟಡ ಆರಿಸಿದ್ದೂ ಜಾಣತನ. ಅಂಚು ಎಷ್ಟು ಅಳಿಸಿಹಾಕಿದರೂ ನಮಗೆ ಗುರುತು ಸಿಗುತ್ತದೆ.

ನಿಮ್ಮ ಪ್ರಿಂಟ್ ತೆಗೆದು ಇನ್ನೊಂದು ಸಲ ನೋಡಿ, ಬಿಗ್ ಬೆನ್ ಗಡಿಯಾರದ ಗೋಪುರ ಹುಡುಕಿ. ಸಿಗುವುದಿಲ್ಲ! ಎದ್ದು ಕಾಣುವ ದೊಡ್ಡ ಗೋಪುರ ಇನ್ನೊಂದು ತುದಿಯ ವಿಕ್ಟೋರಿಯಾ ಗೋಪುರ. ಮೋನೆ ಚೌಕಟ್ಟನ್ನು ಎಡಕ್ಕೆ ಸರಿಸಿ ಗಡಿಯಾರವನ್ನು ಹೊರಗೆ ಬಿಟ್ಟಿದ್ದಾನೆ. ಫೆಬ್ರವರಿಯಲ್ಲಿ ಸೂರ್ಯ ಇಳಿಯುವುದು ನೈಋತ್ಯಕ್ಕೆ, ಅಂದರೆ ವಿಕ್ಟೋರಿಯಾ ಗೋಪುರದ ಕಡೆಗೆ. ಬೆಳಕು ಅಲ್ಲಿತ್ತು, ಇವನೂ ಅಲ್ಲಿಗೇ ತಿರುಗಿದ. ಮಾರ್ಚ್ ಮುಗಿಯುತ್ತಾ ಬಂದ ಹಾಗೆ ಸೂರ್ಯ ಬಲಕ್ಕೆ ಸರಿದುಬಿಡುತ್ತಾನೆ. ಆ ನೋಟಕ್ಕೆ ಸಿಗುವುದು ವರ್ಷದಲ್ಲಿ ಕೆಲವೇ ವಾರ. ಗಡಿಯಾರದ ಗೋಪುರ ಬೇಕಿದ್ದರೆ ಚೇರಿಂಗ್ ಕ್ರಾಸ್ ಸೇತುವೆಯ ಚಿತ್ರಗಳಲ್ಲಿ ಹುಡುಕಿ, ಹಿಂದೆ ಬೂದು ನೆರಳಿನಂತೆ ಕಾಣುತ್ತದೆ, ಮುಂದೆ ರೈಲಿನ ಉಗಿಯ ಬಿಳಿ ಉಂಡೆಗಳು. ವಾಟರ್‌ಲೂ ಸೇತುವೆಯ ಹಿಂದೆ ದಕ್ಷಿಣ ದಡದ ಕಾರ್ಖಾನೆಗಳ ಚಿಮಣಿ ಸಾಲು ಇದೆ. ನನ್ನ ಕೇಳಿದರೆ ಮೂರರಲ್ಲಿ ಇವೇ ಮೇಲು. ಪಾರ್ಲಿಮೆಂಟ್ ಚಿತ್ರಗಳಲ್ಲಿ ಸ್ವಲ್ಪ ನಾಟಕವಿದೆ. ಇಲ್ಲಿ ಹೊಗೆ ಎಲ್ಲಿಂದ ಬರುತ್ತಿದೆ ಅನ್ನುವುದೇ ಚಿತ್ರದಲ್ಲಿದೆ.

ಅಳಿಯನವರ ಮಾತು ಪೂರ್ತಿ ಸುಳ್ಳಲ್ಲ. ಸಾಲು ಚಿತ್ರಗಳಿಗೆ ಬೇಡಿಕೆಯಿದೆ ಅಂತ ಮೋನೆಗೆ 1891ರಲ್ಲೇ ಗೊತ್ತಾಗಿತ್ತು, ಹುಲ್ಲಿನ ಮೆದೆಗಳ ಚಿತ್ರಗಳು ಬೇಗ ಬೇಗ ಮಾರಾಟವಾಗಿದ್ದವು. 1904ರ ಮೇನಲ್ಲಿ ಪ್ಯಾರಿಸ್‌ನ ದ್ಯುರಾಂ-ರುಯೆಲ್ ಗ್ಯಾಲರಿಯಲ್ಲಿ 37 ಲಂಡನ್ ಚಿತ್ರಗಳ ಪ್ರದರ್ಶನವೂ ಚೆನ್ನಾಗೇ ನಡೆಯಿತು. ಆದರೆ ಆಗಲೇ ಅವನು ಸಿರಿವಂತ. ದುಡ್ಡೊಂದೇ ಗುರಿಯಾಗಿದ್ದರೆ ಗಿರಾಕಿ ಬಾಗಿಲಲ್ಲಿ ಕಾಯುತ್ತಿರುವಾಗ ಮೂರು ವರ್ಷ ತಿದ್ದುತ್ತಾ ಕೂರುತ್ತಿರಲಿಲ್ಲ. ಈಗಿನ ಬೆಲೆಯ ಮಾತೇ ಬೇರೆ: 2022ರಲ್ಲಿ ಪಾರ್ಲಿಮೆಂಟಿನ ಒಂದು ಸೂರ್ಯಾಸ್ತ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 7.6 ಕೋಟಿ ಡಾಲರ್‌ಗೆ ಹೋಯಿತು.

ಒಟ್ಟು ತೊಂಬತ್ತಕ್ಕೂ ಹೆಚ್ಚು ಎಣ್ಣೆಬಣ್ಣದ ಚಿತ್ರಗಳು, ಈಗ ಷಿಕಾಗೋ, ವಾಷಿಂಗ್ಟನ್, ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ಅಂತ ಚದುರಿಹೋಗಿವೆ. ಲಂಡನ್‌ನಲ್ಲೇ ಪ್ರದರ್ಶನ ಮಾಡಬೇಕೆಂಬ ಅವನ ಆಸೆ ಅವನ ಕಾಲದಲ್ಲಿ ಈಡೇರಲಿಲ್ಲ. 2024ರ ಸೆಪ್ಟೆಂಬರ್‌ನಿಂದ 2025ರ ಜನವರಿವರೆಗೆ ಕೋರ್ಟಾಲ್ಡ್ ಗ್ಯಾಲರಿ ಇಪ್ಪತ್ತೊಂದು ಚಿತ್ರಗಳನ್ನು ಒಟ್ಟುಗೂಡಿಸಿತ್ತು, ಸವಾಯ್ ಹೋಟೆಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ.

ಮುಂದಿನ ಸಲ ಮಗಳ ಮನೆಗೆ ಹೋಗುವಾಗ ಸಾಧ್ಯವಾದರೆ ಫೆಬ್ರವರಿಯಲ್ಲಿ ಹೋಗಿ. ನ್ಯಾಷನಲ್ ಗ್ಯಾಲರಿಯಲ್ಲಿ ಮೋನೆ 1871ರ ಸುಮಾರಿಗೆ ಬರೆದ ಥೇಮ್ಸ್ ಚಿತ್ರವಿದೆ, ಯುದ್ಧದಿಂದ ತಪ್ಪಿಸಿಕೊಂಡು ಲಂಡನ್‌ಗೆ ಬಂದಿದ್ದ ಮೂವತ್ತರ ಹುಡುಗನ ಕೆಲಸ. ಅದರಲ್ಲಿ ಗಡಿಯಾರದ ಗೋಪುರವಿದೆ, ದಡದಲ್ಲಿ ಮರದ ಜೆಟ್ಟಿ, ಕೆಲಸ ಮಾಡುತ್ತಿರುವ ಜನ ಇದ್ದಾರೆ, ಮಂಜು ಹಿಂದೆ ಎಲ್ಲೋ ಇದೆ. ಅದನ್ನು ನೋಡಿಕೊಂಡು, ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಆಸ್ಪತ್ರೆ ಕಡೆಯ ದಡಕ್ಕೆ ಬನ್ನಿ. ಹೊಗೆ ಈಗಿಲ್ಲ, ಹಾಗಾಗಿ ಮೋನೆಯ ಕಿತ್ತಳೆ ಪೂರ್ತಿ ಸಿಗುವುದಿಲ್ಲ. ಕಲ್ಲು ಕಪ್ಪಾಗಿ ನೀಲಿಗೆ ತಿರುಗುವುದು ಮಾತ್ರ ಮೋಡವಿಲ್ಲದ ಸಂಜೆ ಈಗಲೂ ಕಾಣುತ್ತದೆ. ಸ್ವೆಟರ್ ಮರೆಯಬೇಡಿ, ನದಿ ಗಾಳಿ ಕೆಟ್ಟದ್ದು.